ಗದ್ವಾಲದ ಮಣ್ಣುಕೋಟೆ: ಸಂಸ್ಥಾನದಿಂದ ಕಾಲೇಜಿಗೆ

ಕೃಷ್ಣೆ ಮತ್ತು ತುಂಗಭದ್ರೆ ಒಂದನ್ನೊಂದು ಕೂಡಲು ಹತ್ತಿರವಾಗುವ ಪೂರ್ವದ ತುದಿಯಲ್ಲಿ ಗದ್ವಾಲ ಊರಿದೆ. ಆ ಊರಿನ ನಡುವೆ ದಪ್ಪ ಮಣ್ಣುಗೋಡೆಯ ಕೋಟೆಯಿದೆ. ಕೋಟೆಯೊಳಗೆ ಚೆನ್ನಕೇಶವನ ಗುಡಿಯಿದೆ, ಅರಮನೆಯ ಅವಶೇಷಗಳಿವೆ, ಸಂಸ್ಥಾನದ ಕೊನೆಯ ರಾಣಿಯ ಹೆಸರು ಹೊತ್ತ ಮಹಾರಾಣಿ ಆದಿಲಕ್ಷ್ಮೀದೇವಮ್ಮ ಸರ್ಕಾರಿ ಪದವಿ ಕಾಲೇಜಿದೆ. ಖಜಾನೆ, ಉಗ್ರಾಣ, ದರ್ಬಾರುಗಳಿಗೆಂದು ಎದ್ದ ಆವರಣದಲ್ಲಿ ಇಂದು ತರಗತಿಗಳು ನಡೆಯುತ್ತವೆ. ಇದನ್ನು ಬೇರೆ ಜಾಗ ಸಿಗದೆ ಮಾಡಿಕೊಂಡ ತಾತ್ಕಾಲಿಕ ಏರ್ಪಾಡು ಎಂದು ನೋಡುವವರಿದ್ದಾರೆ. ಪಾರಂಪರಿಕ ಕಟ್ಟಡಕ್ಕೆ ಆದ ಅಪಚಾರ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ ಎಂಬುದು ಈ ಲೇಖನದ ವಾದ. ಸಂಸ್ಥಾನಗಳು ಅಳಿದ ಕಾಲದಲ್ಲಿ ಅವುಗಳ ಕಟ್ಟಡಗಳ ಬಗ್ಗೆ ಕೈಗೊಂಡ ನಿರ್ಧಾರಗಳಲ್ಲಿ ಕೋಟೆಯನ್ನು ಕಾಲೇಜಾಗಿಸಿದ್ದು ಅತ್ಯಂತ ಯೋಗ್ಯವಾದದ್ದು. ಆದರೆ ಆ ಕೆಲಸ ಅರ್ಧಕ್ಕೇ ನಿಂತಿದೆ. ಕಟ್ಟಡದ ಬಳಕೆ ಬಂತು, ಬಳಸುವವರಿಗೆ ಅದನ್ನು ಕಾಯುವ ಹೊಣೆಯಾಗಲಿ, ಹೊಣೆಗೆ ತಕ್ಕ ಹಣವಾಗಲಿ ಬರಲಿಲ್ಲ.

ಕನ್ನಡ ಓದುಗರಿಗೆ ಈ ವಿಷಯ ದೂರದ್ದೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋಗಿ ಮಹಬೂಬನಗರ ಜಿಲ್ಲೆಯನ್ನು ಸೇರಿದವು. ಮಕ್ತಲ್ ಮತ್ತು ನಾರಾಯಣಪೇಟೆ ಅದಕ್ಕೂ ಮೊದಲೇ ಆ ಜಿಲ್ಲೆಯಲ್ಲಿದ್ದವು. ಶಾಸನಗಳು ಎಡೆದೊರೆ ಎರಡು ಸಾವಿರ ಎಂದು ಕರೆದ ನಾಡಿನ ಮೂಡಣ ಅಂಚು ಇದು. ತೆಲುಗರು ಇದನ್ನೇ ನಡಿಗಡ್ಡ ಎನ್ನುತ್ತಾರೆ. ಎರಡು ಹೊಳೆಗಳ ನಡುವಿನ ಈ ಫಲವತ್ತಾದ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಆ ಹೋರಾಟದ ಒಂದು ಘಟ್ಟವಷ್ಟೇ. ಇಷ್ಟು ದೀರ್ಘಕಾಲ ಗಡಿಯಾಗಿದ್ದ ನಾಡಿನಲ್ಲಿ ಕೋಟೆ ಕಟ್ಟುವುದು ಆಳ್ವಿಕೆಯ ಮೊದಲ ಕೆಲಸವೇ ಆಗಿತ್ತು. 1294ರ ಶಾಸನವಿರುವ ರಾಯಚೂರಿನ ಕೋಟೆ ಆ ಪರಂಪರೆಯ ಕಲ್ಲಿನ ಮಾದರಿಯಾದರೆ, ಗದ್ವಾಲದ್ದು ಮಣ್ಣಿನ ಮಾದರಿ.

ಗದ್ವಾಲದ ಕೋಟೆ ಹುಟ್ಟಿದ್ದು ಔರಂಗಜೇಬನ ದಖ್ಖನ್ ಯುದ್ಧಗಳ ಕಾಲದಲ್ಲಿ, ಸಂಸ್ಥಾನಕ್ಕೆ ಗಟ್ಟಿ ನೆಲೆ ಒದಗಿಸಿದ ಸೋಮನಾದ್ರಿಯಿಂದ. ಜನರ ಬಾಯಲ್ಲಿ ಅವನು ನಲ್ಲ ಸೋಮನಾದ್ರಿ. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಮೊಘಲರ ಕೈಸೇರಿದವು. ದೊಡ್ಡ ಸುಲ್ತಾನರು ಇಲ್ಲವಾದ ಮೇಲೆ, ಅವರ ಕೆಳಗೆ ನಾಡಗೌಡಿಕೆ ನಡೆಸುತ್ತಿದ್ದ ಮನೆತನಗಳು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕಾಯಿತು. ಸೋಮನಾದ್ರಿ ಹಿರಿಯರ ಠಾಣೆಯಾಗಿದ್ದ ಪೂಡೂರನ್ನು ಬಿಟ್ಟು ಗದ್ವಾಲವನ್ನು ರಾಜಧಾನಿ ಮಾಡಿಕೊಂಡ. ತುಂಗಭದ್ರೆಯಾಚೆ ಕರ್ನೂಲಿನಲ್ಲಿದ್ದ ಬಲದೊಂದಿಗೆ ಅವನು ನಡೆಸಿದ ಕಾಳಗಗಳ ಕಥೆ ನಡಿಗಡ್ಡದಲ್ಲಿ ಇಂದಿಗೂ ಹೇಳಲ್ಪಡುತ್ತದೆ. ಅವನು ಕಟ್ಟಿದ ಕೋಟೆಗೆ ಬೆಟ್ಟದ ಆಸರೆ ಇರಲಿಲ್ಲ. ರಾಯಚೂರು, ಮುದಗಲ್ಲುಗಳಂತೆ ಬಂಡೆಗುಡ್ಡವನ್ನು ಬೆನ್ನಿಗಿಟ್ಟುಕೊಳ್ಳದೆ, ಊರಿನ ಮಟ್ಟದಲ್ಲಿಯೇ ಗೋಡೆ, ಕೊತ್ತಳ, ಕಂದಕಗಳಿಂದ ತನ್ನ ಬಲವನ್ನು ತಾನೇ ಕಟ್ಟಿಕೊಂಡ ಕೋಟೆ ಇದು.

ಮಣ್ಣಿನ ಗೋಡೆಯೆಂದರೆ ಬಡತನದ ಗುರುತು ಎಂಬ ಎಣಿಕೆ ತಪ್ಪು. ಫಿರಂಗಿಯ ಕಾಲದಲ್ಲಿ ಮಣ್ಣು ಯೋಚಿಸಿ ಮಾಡಿದ ಆಯ್ಕೆ. ಗುಂಡು ಬಡಿದಾಗ ಕಲ್ಲಿನ ಗೋಡೆ ಸಿಡಿಯುತ್ತದೆ, ಒಂದು ಕಲ್ಲು ಸಡಿಲವಾದರೆ ಸುತ್ತಲಿನವೂ ಸಡಿಲವಾಗುತ್ತವೆ. ದಪ್ಪ ಮಣ್ಣುಗೋಡೆಯಾದರೆ ಗುಂಡಿನ ಹೊಡೆತವನ್ನು ಒಳಗೆ ಎಳೆದುಕೊಂಡು ನುಂಗಿಬಿಡುತ್ತದೆ. 1805ರಲ್ಲಿ ರಾಜಸ್ಥಾನದ ಭರತಪುರದ ಮಣ್ಣುಕೋಟೆಯ ಮೇಲೆ ಬ್ರಿಟಿಷ್ ಸೇನಾಪತಿ ಲಾರ್ಡ್ ಲೇಕ್ ನಾಲ್ಕು ಬಾರಿ ದಾಳಿ ನಡೆಸಿ ನಾಲ್ಕೂ ಬಾರಿ ಸೋತದ್ದು ಈ ಗುಣಕ್ಕೆ ಪ್ರಸಿದ್ಧ ಸಾಕ್ಷಿ. ಮಣ್ಣಿನ ನಿಜವಾದ ಶತ್ರು ನೀರು. ಗೋಡೆಯ ನೆತ್ತಿಯಲ್ಲಿ ಬಿರುಕು ಬಿಟ್ಟರೆ ಮಳೆನೀರು ಒಳಗಿಳಿಯುತ್ತದೆ, ಬುಡದಲ್ಲಿ ನೀರು ನಿಂತರೆ ಅಡಿಪಾಯ ಮೆತ್ತಗಾಗುತ್ತದೆ, ಬಿರುಕಿನಲ್ಲಿ ಬಿದ್ದ ಅರಳಿ ಬೀಜ ನಾಲ್ಕೈದು ವರ್ಷಗಳಲ್ಲಿ ಗೋಡೆಯನ್ನೇ ಸೀಳುತ್ತದೆ. ಈ ಸೀಮೆಯ ಮಾಳಿಗೆ ಮನೆಗಳಲ್ಲಿ ಮುಂಗಾರಿಗೆ ಮುಂಚೆ ಮಾಳಿಗೆಯ ಮೇಲೆ ಸೌಳು ಮಣ್ಣು ಹರಡಿ ಬಿರುಕು ಮುಚ್ಚುವ ರೂಢಿ ಹುಟ್ಟಿದ್ದು ಈ ಅರಿವಿನಿಂದಲೇ. ಕಲ್ಲಿನ ಕೋಟೆಯನ್ನು ನೂರು ವರ್ಷ ಮರೆತುಬಿಟ್ಟರೂ ಅದರ ಬಹುಭಾಗ ನಿಂತಿರುತ್ತದೆ. ಮಣ್ಣಿನ ಕೋಟೆಯನ್ನು ಹತ್ತು ಮಳೆಗಾಲ ಮರೆತರೂ ಅದರ ರೂಪ ಕೆಡುತ್ತದೆ. ಹಾಗಾಗಿ ಮಣ್ಣುಕೋಟೆ ಉಳಿಯಬೇಕಾದರೆ ಅದರೊಳಗೆ ವರ್ಷವಿಡೀ ಜನ ಇರಬೇಕು, ಅವರಿಗೆ ಅದು ನಿಂತಿರುವುದರಿಂದ ಪ್ರಯೋಜನವೂ ಇರಬೇಕು. ಗದ್ವಾಲದ ಇಡೀ ಚರಿತ್ರೆಯನ್ನು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಕೋಟೆಯ ಕೆಲಸ ಬದಲಾದದ್ದು 20ನೆಯ ಶತಮಾನದಲ್ಲಿ ಮೊದಲ ಸಲವಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ತುಂಗಭದ್ರೆಯ ದಕ್ಷಿಣದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆ ಗಡಿಯಾಯಿತು, ಗಡಿಯ ಎರಡೂ ಕಡೆ ಯುದ್ಧ ನಿಂತಿತು. ಅಲ್ಲಿಂದ ಮುಂದೆ ಗದ್ವಾಲದ ಕೋಟೆ ಶತ್ರುವನ್ನು ತಡೆಯುವ ಗೋಡೆಯಾಗಿ ಉಳಿಯದೆ, ಆಡಳಿತದ ಮನೆಯಾಗಿ ಬದುಕಿತು. 20ನೆಯ ಶತಮಾನದ ಆರಂಭದ ಗ್ಯಾಸೆಟಿಯರ್ ಪ್ರಕಾರ ಸಂಸ್ಥಾನದ ವಿಸ್ತೀರ್ಣ 864 ಚದರ ಮೈಲಿ, ಹಳ್ಳಿಗಳು 214, ನಿಜಾಮನಿಗೆ ಕೊಡುತ್ತಿದ್ದ ಪೇಶ್ಕಷ್ ವರ್ಷಕ್ಕೆ ಸುಮಾರು 87 ಸಾವಿರ ರೂಪಾಯಿ. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಅದು ರಾಯಚೂರು ಸೀಮೆಯಲ್ಲೂ ಚಲಾವಣೆಯಲ್ಲಿತ್ತು. ಇಷ್ಟು ಹಳ್ಳಿಗಳ ಕಂದಾಯ, ಲೆಕ್ಕ, ನ್ಯಾಯ ಎಲ್ಲವೂ ಕೋಟೆಯ ಬಾಗಿಲಿಗೇ ಬರಬೇಕಿತ್ತು. ಜೊತೆಗೆ ಗದ್ವಾಲದ ರಾಜರು ಪಂಡಿತರನ್ನು ಕರೆಸಿ ಸಭೆ ನಡೆಸಿ ಸಂಭಾವನೆ ಕೊಡುತ್ತಿದ್ದರು. ಅವಧಾನಕ್ಕೆ ಹೆಸರಾದ ತಿರುಪತಿ ವೆಂಕಟ ಕವಿಗಳು ಬಂದುಹೋದ ಆಸ್ಥಾನ ಇದು. ವಿದ್ವದ್ಗದ್ವಾಲ ಎಂಬ ಹೆಸರು ಊರಿಗೆ ಬಂದದ್ದು ಆ ಪರಂಪರೆಯಿಂದ. ಹೀಗೆ ಸೈನ್ಯದ ನೆಲೆಯೊಂದು ಕಂದಾಯದ, ವಿದ್ಯೆಯ ನೆಲೆಯಾಗಿ ಬದಲಾಗಿ ಒಂದೂವರೆ ಶತಮಾನ ಬದುಕಿತು. ಆ ಒಂದೂವರೆ ಶತಮಾನ ಅದರ ಗೋಡೆಗಳನ್ನು ಯಾರಾದರೂ ನೋಡಿಕೊಂಡಿದ್ದರೆ, ಅದಕ್ಕೆ ಕಾರಣ ಈ ಬದಲಾವಣೆಯೇ. ಯುದ್ಧಕ್ಕಾಗಿ ಮಾತ್ರ ಇದ್ದಿದ್ದರೆ ಅದು 19ನೆಯ ಶತಮಾನದಲ್ಲಿಯೇ ಮಣ್ಣಿನ ದಿಬ್ಬವಾಗುತ್ತಿತ್ತು.

ನಿಜವಾದ ಬಿಕ್ಕಟ್ಟು ಬಂದದ್ದು ಆಮೇಲೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿತು. 1949ರ ಆಗಸ್ಟ್‌ನಲ್ಲಿ ಜಹಗೀರು ರದ್ದತಿ ನಿಯಮ ಜಾರಿಗೆ ಬಂತು. ಗದ್ವಾಲ, ವನಪರ್ತಿ, ಜಟಪ್ರೋಲು, ಆತ್ಮಕೂರು ಹೀಗೆ ಕೃಷ್ಣೆಯ ಎರಡೂ ದಡಗಳಲ್ಲಿದ್ದ ಸಂಸ್ಥಾನಗಳ ಕಂದಾಯ ಸರ್ಕಾರಕ್ಕೆ ಹೋಯಿತು. ಕಟ್ಟಡಗಳು ಉಳಿದವು, ಅವುಗಳನ್ನು ಪೊರೆಯುತ್ತಿದ್ದ ಆದಾಯ ಉಳಿಯಲಿಲ್ಲ. ನೂರಾರು ಹಳ್ಳಿಗಳ ದುಡಿಮೆಯಿಂದ ನಿಂತಿದ್ದ ಅರಮನೆಯನ್ನು ಒಂದು ಕುಟುಂಬ ಸ್ವಂತ ದುಡ್ಡಿನಲ್ಲಿ ನಿಲ್ಲಿಸಿಕೊಳ್ಳುವುದು ಅಸಾಧ್ಯ. ಆಗ ಇದ್ದ ದಾರಿಗಳು ಮೂರು: ಮಾರುವುದು, ಬೀಗ ಹಾಕುವುದು, ಸಾರ್ವಜನಿಕ ಕೆಲಸಕ್ಕೆ ಬಿಡುವುದು. ವನಪರ್ತಿಯ ಅರಮನೆ 1959ರಲ್ಲಿ ಪಾಲಿಟೆಕ್ನಿಕ್ ಆಯಿತು. ಗದ್ವಾಲದ ಕೋಟೆಯೊಳಗೆ ಪದವಿ ಕಾಲೇಜು ಬಂತು. ಹೈದರಾಬಾದಿನಲ್ಲಿ ಮೂಸಿ ನದಿಯ ದಡದಲ್ಲಿ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯೂ 1949ರಲ್ಲಿ ಮಹಿಳಾ ಕಾಲೇಜಾಯಿತು. ಇವು ಒಂದೊಂದೂ ಬಿಡಿ ಘಟನೆಯಂತೆ ಕಂಡರೂ ಒಟ್ಟಿಗೆ ನೋಡಿದಾಗ ಒಂದು ಕಾಲದ ಒಲವು ಸ್ಪಷ್ಟವಾಗುತ್ತದೆ. ಸಾಕ್ಷರತೆಯಲ್ಲಿ ದೇಶದ ಸರಾಸರಿಗಿಂತ ಬಹಳ ಹಿಂದಿದ್ದ ಒಂದು ನಾಡು, ಅಧಿಕಾರ ಕಳೆದುಕೊಂಡ ಮನೆಗಳನ್ನು ಓದಿನ ಮನೆಗಳನ್ನಾಗಿ ಮಾಡಿಕೊಂಡಿತು.

ವಾಸ್ತುವಿನ ದೃಷ್ಟಿಯಿಂದಲೂ ಈ ಆಯ್ಕೆ ಹೊಂದುವಂಥದು. ದಖ್ಖನಿನ ಕೋಟೆಯೊಳಗಿನ ಆಡಳಿತದ ಕಟ್ಟಡಗಳಿಗೆ ದಪ್ಪ ಗೋಡೆ, ಎತ್ತರದ ಸೂರು, ಅಂಗಳ, ಅಂಗಳದ ಸುತ್ತ ಪಡಸಾಲೆ ಸಾಮಾನ್ಯ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಸೀಮೆಯಲ್ಲಿ ಹಗಲು ಹೊತ್ತು ನೂರಾರು ಜನ ಕೂರಬೇಕಾದ ಕಟ್ಟಡಕ್ಕೆ ಬೇಕಾದುದೂ ಇದೇ. ದಪ್ಪ ಗೋಡೆ ಹಗಲಿನ ಕಾವನ್ನು ಸಂಜೆಯವರೆಗೆ ತಡೆದಿಡುತ್ತದೆ, ಪಡಸಾಲೆ ಬಿಸಿಲನ್ನೂ ಮಳೆಯನ್ನೂ ಕೋಣೆಯಿಂದ ದೂರವಿಡುತ್ತದೆ. ಆಸ್ಪತ್ರೆಗೆ ಬೇಕಾದಷ್ಟು ನೀರಿನ ಕೊಳವೆ, ಚರಂಡಿ ಕಾಲೇಜಿಗೆ ಬೇಡ. ಕಾರ್ಖಾನೆಯ ಯಂತ್ರದ ಅದುರು ಇಲ್ಲ. ಮಳೆಗಾಲದ ಆರಂಭದಲ್ಲಿಯೇ ಶಿಕ್ಷಣದ ವರ್ಷ ಶುರುವಾಗುವುದರಿಂದ, ಸೋರುವ ಮಾಳಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಳಕೆ ಎಷ್ಟು ಮುಖ್ಯ ಎಂಬುದಕ್ಕೆ ಗದ್ವಾಲದ ಕೋಟೆಯೇ ಸಾಕ್ಷಿ. ಪೂಜೆ ನಡೆಯುತ್ತಿರುವ ಚೆನ್ನಕೇಶವ ಗುಡಿ ಗಟ್ಟಿಯಾಗಿದೆ, ಯಾರ ಕೆಲಸಕ್ಕೂ ಬಾರದ ಅರಮನೆಯ ಭಾಗಗಳೂ ಹೊರಗೋಡೆಯೂ ಕುಸಿಯುತ್ತಿವೆ. ಒಂದೇ ಆವರಣ, ಒಂದೇ ಮಳೆ. ವ್ಯತ್ಯಾಸದಲ್ಲಿ ಬಳಕೆಯ ಪಾಲು ದೊಡ್ಡದು.

ಎಲ್ಲ ಬಳಕೆಯೂ ಕಟ್ಟಡವನ್ನು ಕಾಪಾಡುವುದಿಲ್ಲ ಎಂಬ ಮೊದಲ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಅದಕ್ಕೆ ನಮ್ಮ ನಾಡಿನಲ್ಲೇ ಬಲವಾದ ಉದಾಹರಣೆಗಳಿವೆ. 1472ರಲ್ಲಿ ಮಹಮೂದ್ ಗವಾನ ಬೀದರಿನಲ್ಲಿ ಕಟ್ಟಿಸಿದ ಮದರಸಾ ಒಂದು ದೊಡ್ಡ ವಿದ್ಯಾಕೇಂದ್ರವಾಗಿತ್ತು. 17ನೆಯ ಶತಮಾನದ ಕೊನೆಯಲ್ಲಿ ಮೊಘಲ್ ಸೈನ್ಯ ಅದನ್ನು ಸಿಪಾಯಿಗಳ ವಸತಿಯಾಗಿ, ಮದ್ದಿನ ದಾಸ್ತಾನಾಗಿ ಬಳಸಿತು. ಮದ್ದು ಸ್ಫೋಟಿಸಿ ಮುಂಭಾಗದ ಅರ್ಧವೂ ಒಂದು ಮಿನಾರೂ ನೆಲಕ್ಕೆ ಬಿದ್ದವು. ಬಿಜಾಪುರದಲ್ಲಿ 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರ ಬಂದಾಗ ಆದಿಲಶಾಹಿ ಅರಮನೆಗಳಲ್ಲಿ ಕಚೇರಿಗಳು ನೆಲೆಸಿದವು, ಮಸೀದಿಗಳಲ್ಲಿ ಅಂಚೆ ಕಚೇರಿಯೂ ಪ್ರವಾಸಿ ಬಂಗಲೆಯೂ ಬಂದವು. ಅವುಗಳನ್ನು ತೆರವು ಮಾಡಿಸಲು ವೈಸರಾಯ್ ಕರ್ಜನ್ ಬರಬೇಕಾಯಿತು. ಈ ಆಕ್ಷೇಪ ನಿಜ, ಆದರೆ ಅದರಿಂದ ಖಾಲಿ ಬಿಡುವುದೇ ಲೇಸೆಂದು ಸಾಬೀತಾಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಟಿಪ್ಪುವಿನ ಅರಮನೆಗೆ 1799ರ ನಂತರ ತನ್ನ ಮೊದಲಿನ ಉಪಯೋಗ ಉಳಿಯಲಿಲ್ಲ. ಅದನ್ನು ಬಿಚ್ಚಿ, ತೊಲೆಗಳನ್ನು ಉದಕಮಂಡಲಕ್ಕೆ ಸಾಗಿಸಿ, 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ಅದೇ ಊರಿನಲ್ಲಿ ಬಳಕೆ ಕಂಡುಕೊಂಡ ದರಿಯಾ ದೌಲತ್ ಇಂದಿಗೂ ನಿಂತಿದೆ. ಕಟ್ಟಡದ ಸ್ವಭಾವಕ್ಕೆ ಒಗ್ಗುವ ಬಳಕೆ ಬೇಕು ಎಂಬುದಷ್ಟೇ ಈ ಉದಾಹರಣೆಗಳ ಪಾಠ. ಮದರಸೆಯಲ್ಲಿ ಸಿಡಿಮದ್ದು ಇಡುವುದು ಒಗ್ಗದು, ಕೋಟೆಯ ಪಡಸಾಲೆಯಲ್ಲಿ ಪಾಠ ಹೇಳುವುದು ಒಗ್ಗುತ್ತದೆ.

ಎರಡನೆಯ ಆಕ್ಷೇಪ ಹಣದ್ದು. ಕೋಟೆಯನ್ನು ಹೋಟೆಲು ಮಾಡಿದರೆ ಅದು ತನ್ನ ರಿಪೇರಿಯ ಖರ್ಚನ್ನು ತಾನೇ ದುಡಿಯುತ್ತದೆ, ಕಾಲೇಜು ದುಡಿಯುವುದಿಲ್ಲ ಎನ್ನುತ್ತಾರೆ. ಹೈದರಾಬಾದಿನ ಫಲಕ್‌ನುಮಾ ಅರಮನೆ 2010ರಲ್ಲಿ ತಾಜ್ ಹೋಟೆಲಾಗಿ ತೆರೆದು, ಕುಸಿಯುವ ಸ್ಥಿತಿಯಿಂದ ಪಾರಾದದ್ದು ಈ ವಾದಕ್ಕೆ ಸಾಕ್ಷಿ. ಆದರೆ ಫಲಕ್‌ನುಮಾ ಇರುವುದು ದೊಡ್ಡ ವಿಮಾನ ನಿಲ್ದಾಣವಿರುವ ಮಹಾನಗರದಲ್ಲಿ. ಗದ್ವಾಲ, ಮಕ್ತಲ್, ನಾರಾಯಣಪೇಟೆಗಳು ಹತ್ತಿ, ಭತ್ತ, ಮಗ್ಗಗಳ ಊರುಗಳು. ಇಲ್ಲಿ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಆಲಂಪುರದ ಜೋಗುಳಾಂಬೆಗೋ ಸೀರೆಯ ವ್ಯಾಪಾರಕ್ಕೋ ಬಂದು ಅದೇ ದಿನ ಮರಳುವವರು. ಇಂಥ ಕಡೆ ಹೋಟೆಲಿನ ಲೆಕ್ಕ ಕೂಡಿಬರದಿದ್ದರೆ ಮೊದಲು ನಿಲ್ಲುವುದು ರಿಪೇರಿಯೇ. ಕಾಲೇಜಿನ ಬೇಡಿಕೆ ಹಾಗಲ್ಲ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಸರ್ಕಾರ ಅದನ್ನು ಸುಲಭವಾಗಿ ಮುಚ್ಚಲಾರದು. ರೆಸಿಡೆನ್ಸಿ ಕಟ್ಟಡ ಇದನ್ನು ತೋರಿಸಿಕೊಟ್ಟಿದೆ. ಒಂದು ಘಟ್ಟದಲ್ಲಿ ಅದು ತರಗತಿ ನಡೆಸಲು ಅಪಾಯಕರವೆನಿಸುವಷ್ಟು ಶಿಥಿಲವಾಗಿತ್ತು. ಅಲ್ಲೊಂದು ಜೀವಂತ ಕಾಲೇಜಿದ್ದುದರಿಂದಲೇ ಅದರ ಬಗ್ಗೆ ಕೇಳುವವರಿದ್ದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ನೆರವಿನಿಂದ ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆಯಿತು.

ಮೂರನೆಯ ಆಕ್ಷೇಪ ನೈತಿಕವಾದದ್ದು, ಹಾಗಾಗಿ ಹೆಚ್ಚು ಗಂಭೀರವಾದದ್ದು. ಸಂಸ್ಥಾನದ ಕೋಟೆಯನ್ನು ಉಳಿಸುವುದೆಂದರೆ ಜಮೀನ್ದಾರಿ ವೈಭವವನ್ನು ಉಳಿಸಿದಂತಲ್ಲವೇ ಎಂಬ ಪ್ರಶ್ನೆ ಗದ್ವಾಲ ಇಂದು ಸೇರಿರುವ ತೆಲಂಗಾಣದಲ್ಲಿ ಸಹಜವಾಗಿಯೇ ಏಳುತ್ತದೆ. ವೆಟ್ಟಿ, ಅಂದರೆ ಬಿಟ್ಟಿ ದುಡಿಮೆಯ ವಿರುದ್ಧ ರೈತರು ಆಯುಧ ಹಿಡಿದ ನಾಡು ಅದು. ಈ ಪ್ರಶ್ನೆಗೆ ವಸ್ತುಸಂಗ್ರಹಾಲಯವಾಗಲಿ ಹೋಟೆಲಾಗಲಿ ಸರಿಯಾದ ಉತ್ತರ ಕೊಡಲಾರವು. ವಸ್ತುಸಂಗ್ರಹಾಲಯ ರಾಜನ ಖಡ್ಗವನ್ನು ಗಾಜಿನೊಳಗಿಟ್ಟು ತೋರಿಸುತ್ತದೆ, ಹೋಟೆಲು ರಾಜಭೋಗವನ್ನು ದಿನಬಾಡಿಗೆಗೆ ಕೊಡುತ್ತದೆ. ಕಾಲೇಜು ಮಾತ್ರ ಅಧಿಕಾರದ ದಿಕ್ಕನ್ನೇ ತಿರುಗಿಸುತ್ತದೆ. ಈ ಗೋಡೆಯ ಮಣ್ಣು ಹೊತ್ತವರು, ಕಂದಾಯ ತೆತ್ತವರು 214 ಹಳ್ಳಿಗಳ ಜನ. ಅವರ ಮೊಮ್ಮಕ್ಕಳು ಅದೇ ಬಾಗಿಲಿನಿಂದ ಅರ್ಜಿ ಹಿಡಿಯದೆ ಪುಸ್ತಕ ಹಿಡಿದು ಒಳಗೆ ಬರುವುದು ಆ ದುಡಿಮೆಗೆ ಸಂದ ಪ್ರತಿಫಲ. ಹಿಂದೆ ಆಸ್ಥಾನದ ವಿದ್ವತ್ಸಭೆಗೆ ಬರುತ್ತಿದ್ದವರು ಆಹ್ವಾನವಿದ್ದ ಪಂಡಿತರು ಮಾತ್ರ. ಇಂದು ಅಲ್ಲಿ ಓದಲು ಪ್ರವೇಶ ಪತ್ರ ಸಾಕು, ಕುಲ ಬೇಕಿಲ್ಲ. ಕೋಟೆಯನ್ನು ಕೆಡವಿದ್ದರೆ ಅನ್ಯಾಯದ ನೆನಪು ಅಳಿಯುತ್ತಿತ್ತೇ ಹೊರತು ನ್ಯಾಯ ಸಿಗುತ್ತಿರಲಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ಆಡಳಿತದಲ್ಲಿ ಕಟ್ಟಡವನ್ನು ಬಳಸುವ ಇಲಾಖೆ ಬೇರೆ, ರಿಪೇರಿ ಮಾಡುವ ಇಲಾಖೆ ಬೇರೆ, ಪರಂಪರೆಯನ್ನು ಕಾಯುವ ಇಲಾಖೆ ಇನ್ನೂ ಬೇರೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಇಡೀ ದೇಶದಲ್ಲಿ ಸುಮಾರು 3,700 ಮಾತ್ರ. ಸಣ್ಣ ಸಂಸ್ಥಾನಗಳ ಕೋಟೆ, ವಾಡೆಗಳು ಬಹುಪಾಲು ಈ ಪಟ್ಟಿಯಿಂದ ಹೊರಗೇ ಉಳಿದಿವೆ. ಅಂಥ ಕಡೆ ರಿಪೇರಿ ಎಂದರೆ ಸಿಮೆಂಟು. ಸುಣ್ಣದ ಗಾರೆಗೆ ಉಸಿರಾಟವಿದೆ, ಗೋಡೆಯೊಳಗಿನ ತೇವವನ್ನು ಅದು ಹೊರಗೆ ಬಿಡುತ್ತದೆ. ಮಣ್ಣುಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು, ಮೇಲ್ಪದರ ಚೆನ್ನಾಗಿ ಕಾಣುವಾಗಲೇ ಒಳಗಿನ ಮಣ್ಣು ಪುಡಿಯಾಗುತ್ತದೆ. ಹೊಸ ಕೋಣೆ ಕಟ್ಟುವಾಗಲೂ ಹಳೆಯದಕ್ಕೆ ಅಂಟಿಸಿ ಕಟ್ಟುವ ಆತುರವೇ ಹೆಚ್ಚು. ಹಳತು ಹೊಸತನ್ನು ಕೂಡಿಸುವ ವಿದ್ಯೆಯನ್ನು ಈ ಸೀಮೆ ಎಲ್ಲಿಂದಲೋ ತರಬೇಕಿಲ್ಲ. ಗದ್ವಾಲ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗುಗಳನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಯಾವುದು ಹತ್ತಿ, ಯಾವುದು ರೇಷ್ಮೆ ಎಂಬುದು ಕಾಣುತ್ತಲೇ ಇರುತ್ತದೆ, ಕೂಡಿಕೆ ಬಿಡುವುದೂ ಇಲ್ಲ. ಕೋಟೆಯೊಳಗಿನ ಹೊಸ ಕಟ್ಟಡಕ್ಕೂ ಇದೇ ನಿಯಮ ಸಲ್ಲುತ್ತದೆ: ಹಳೆಯ ಗೋಡೆಗೆ ಭಾರ ಹಾಕದೆ, ಹಳೆಯದರಂತೆ ನಟಿಸದೆ, ಅದರ ಜೊತೆ ಗಟ್ಟಿಯಾಗಿ ನಿಲ್ಲಬೇಕು.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ, ಆದರೆ ಪ್ರತಿವರ್ಷ ಮಾಡಬೇಕಾದವು. ಮುಂಗಾರಿಗೆ ಮುಂಚೆ ಮಾಳಿಗೆಯ ದೋಣಿಗಳನ್ನೂ ನೀರಿನ ದಾರಿಗಳನ್ನೂ ಬಿಡಿಸಬೇಕು. ಗೋಡೆಯ ನೆತ್ತಿಯ ಬಿರುಕುಗಳಿಗೆ ಮಣ್ಣು, ಸುಣ್ಣ ತುಂಬಬೇಕು. ಕಂದಕ ತಿಪ್ಪೆಗುಂಡಿಯಾಗದಂತೆ ನೋಡಿಕೊಳ್ಳಬೇಕು, ಅದು ಕೋಟೆಯ ಬುಡದ ನೀರನ್ನು ಹೊರಗೊಯ್ಯುವ ದಾರಿಯೂ ಹೌದು. ಮಳೆ ನಿಂತ ಮೇಲೆ ಅರಳಿ, ಆಲದ ಸಸಿಗಳನ್ನು ಬೇರು ಬಲಿಯುವ ಮೊದಲೇ ಕೀಳಬೇಕು. ಇದಕ್ಕೆಂದು ಕಾಲೇಜಿನ ವಾರ್ಷಿಕ ಆಯವ್ಯಯದಲ್ಲಿಯೇ ಪ್ರತ್ಯೇಕ ಮೊತ್ತವಿರಬೇಕು, ಪುಸ್ತಕ, ಪ್ರಯೋಗಾಲಯಗಳಿಗೆ ಇರುವಂತೆ. ನಾರಾಯಣಪೇಟೆಯಲ್ಲಿ ಹಾಳುಬಿದ್ದಿದ್ದ ಬಾರಂ ಬಾವಿಯನ್ನು ಇತ್ತೀಚಿನ ವರ್ಷಗಳಲ್ಲಿ ಶುಚಿಗೊಳಿಸಿ ಮತ್ತೆ ಜನರಿಗೆ ತೆರೆದದ್ದು, ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದು ಆಗುವ ಕೆಲಸವೇ ಎಂಬುದನ್ನು ತೋರಿಸಿದೆ. ಆದರೆ ಒಂದು ಸಲದ ಶುದ್ಧಿ ಸಾಲದು. ಬಾವಿಗೂ ಕೋಟೆಗೂ ಬೇಕಾದುದು ತಪ್ಪದೆ ಬರುವ ಕೈಗಳು, ಅಂಥ ಕೈಗಳು ಕಾಲೇಜೊಂದರಲ್ಲಿ ಎಂದೂ ಕಡಿಮೆಯಾಗುವುದಿಲ್ಲ.

ಈ ಹೊಣೆಯಲ್ಲಿ ಗಡಿಯ ಈಚೆಯವರಿಗೂ ಪಾಲಿದೆ. 2013ರಲ್ಲಿ ಗದ್ವಾಲ–ರಾಯಚೂರು ರೈಲು ಓಡಿತು. 2023ರ ಅಕ್ಟೋಬರ್‌ನಲ್ಲಿ ಮಕ್ತಲ್ ಕಡೆಯ ಜಕ್ಲೇರಿನಿಂದ ಕೃಷ್ಣಾ ನಿಲ್ದಾಣದವರೆಗಿನ 37 ಕಿಲೋಮೀಟರ್ ಹೊಸ ಹಳಿ ತೆರೆಯಿತು. 1956ರ ಗೆರೆ ಬೇರೆ ಮಾಡಿದ ಊರುಗಳು ಮತ್ತೆ ಒಂದೇ ಹಗಲಿನ ಪ್ರಯಾಣದ ದೂರಕ್ಕೆ ಬಂದಿವೆ. ರಾಯಚೂರಿನ ಕಲ್ಲಿನ ಕೋಟೆಯನ್ನು ಅಭ್ಯಾಸ ಮಾಡುವ ನಮ್ಮ ಚರಿತ್ರೆಯ, ವಾಸ್ತುಶಿಲ್ಪದ ವಿದ್ಯಾರ್ಥಿಗಳು ಗದ್ವಾಲದ ಮಣ್ಣುಕೋಟೆಯನ್ನೂ ಅಳತೆ ತೆಗೆದು ದಾಖಲಿಸಬೇಕು. ಎರಡು ಹೊಳೆಗಳ ನಡುವಿನ ಒಂದೇ ನಾಡಿನ ಎರಡು ಕಟ್ಟುವಿಕೆಗಳನ್ನು ಅಕ್ಕಪಕ್ಕ ಇಡದೆ ಎರಡರಲ್ಲಿ ಯಾವುದೂ ಪೂರ್ತಿ ಅರ್ಥವಾಗದು. ಕಾಲೇಜಿನ ವಿಷಯದಲ್ಲಿ ಸರ್ಕಾರದ ಮುಂದಿರುವ ಆಯ್ಕೆಯೂ ಸ್ಪಷ್ಟ. ಹೊಸ ಕಟ್ಟಡ ಸಿಕ್ಕಿತೆಂದು ಕಾಲೇಜನ್ನು ಕೋಟೆಯಿಂದ ಹೊರಗೊಯ್ದರೆ ಕೋಟೆಯನ್ನು ಕಾಯಲು ಬಾಗಿಲ ಬೀಗವೊಂದೇ ಉಳಿಯುತ್ತದೆ, ಮಣ್ಣಿನ ಗೋಡೆಯನ್ನು ಬೀಗ ಎಂದೂ ಕಾಯ್ದಿಲ್ಲ. ಕಾಲೇಜನ್ನು ಅಲ್ಲಿಯೇ ಇರಿಸಿ, ಕೋಟೆಯ ಪಾಲನೆಯನ್ನು ಅದರ ಕೆಲಸಗಳಲ್ಲಿ ಒಂದೆಂದು ಬರೆದುಕೊಟ್ಟು, ಅದಕ್ಕೆ ಹಣ ಕೊಟ್ಟರೆ, ಸಂಸ್ಥಾನ ಅಳಿದ ಕಾಲದಲ್ಲಿ ಆರಂಭವಾದ ಒಂದು ಒಳ್ಳೆಯ ಕೆಲಸ ಈಗಲಾದರೂ ಪೂರ್ತಿಯಾಗುತ್ತದೆ.